ಸಂಸಾರದ ಮನೆ, ವಿದ್ಯಾರ್ಥಿಗಳ ಮನೆ: ಮೈಸೂರಿನ ಮಾನಸಗಂಗೋತ್ರಿ ಸುತ್ತಮುತ್ತ ಬಾಡಿಗೆಗೆ ಕೊಡುವವರಿಗೆ

ಸಂಸಾರಕ್ಕೆ ಕೊಡುತ್ತಿದ್ದ ಮನೆಯನ್ನೇ ವಿದ್ಯಾರ್ಥಿಗಳಿಗೆ ಕೊಟ್ಟರೆ ಗೋಡೆ, ಬಾಗಿಲು ಬದಲಾಗುವುದಿಲ್ಲ. ಬದಲಾಗುವುದು ಲೆಕ್ಕ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಇದ್ದಲ್ಲಿ ಒಂದು ಒಲೆ ಉರಿಯುತ್ತದೆ, ಬಟ್ಟೆಗೆ ಒಟ್ಟಿಗೇ ಇಸ್ತ್ರಿಯಾಗುತ್ತದೆ, ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಹೊರಡುತ್ತಾರೆ. ನಾಲ್ವರು ಹುಡುಗರಿದ್ದಲ್ಲಿ ಇರುವುದು ನಾಲ್ಕು ಒಂಟಿ ಸಂಸಾರಗಳು. ಒಂಬತ್ತೂವರೆಯ ತರಗತಿಗೆ ಎಲ್ಲರಿಗೂ ಎಂಟೂವರೆಗೇ ಬಿಸಿನೀರು ಬೇಕು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎರಡೂ ಓಡುತ್ತಿರುತ್ತವೆ. ನೀರು, ಕರೆಂಟು, ಚರಂಡಿ, ಕರಾರು ಪತ್ರ ಎಲ್ಲವನ್ನೂ ತಲೆ ಎಣಿಸಿಯೇ ಅಳೆಯಬೇಕು. ಈ ವ್ಯವಹಾರದಲ್ಲಿ ಎಡವುವ ಓನರ್‌ಗಳಲ್ಲಿ ಹೆಚ್ಚಿನವರು ಮನೆ ಎಣಿಸುತ್ತಾರೆ, ತಲೆ ಎಣಿಸುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮೈಸೂರಿನ ಲೆಕ್ಕ. ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಾದರೂ ಸ್ನಾತಕೋತ್ತರ ವಿಭಾಗಗಳು ಕುಕ್ಕರಹಳ್ಳಿ ಕೆರೆಯ ಪಕ್ಕದ ಮಾನಸಗಂಗೋತ್ರಿಗೆ ಬಂದದ್ದು 1960ರಲ್ಲಿ. ಅಲ್ಲಿಂದೀಚೆಗೆ ಪಡುವಾರಹಳ್ಳಿ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಬೋಗಾದಿ ಕಡೆಯ ಮಹಡಿಗಳಿಗೆ ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜು, ವಾಕ್ ಶ್ರವಣ ಸಂಸ್ಥೆಗಳೂ ನಡೆದು ಹೋಗುವ ದೂರದಲ್ಲಿವೆ. ಇಲ್ಲಿನ ಮಾಮೂಲಿ ಮನೆಯೆಂದರೆ 30x40 ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಎರಡು ಬೆಡ್‌ರೂಮಿನ ಮಹಡಿ, ಹೊರಗಿನಿಂದ ಮೆಟ್ಟಿಲು. ಮುಂದಿನ ಮಾತೆಲ್ಲ ಅಂಥ ಮಹಡಿಯನ್ನು ಕುರಿತದ್ದು.

ಮೊದಲು ತೀರ್ಮಾನವಾಗಬೇಕಾದ್ದು ಬಾಡಿಗೆಯೋ ಪಿಜಿಯೋ ಎಂಬುದು. ಊಟ ಹಾಕಿ, ಹಾಸಿಗೆಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡರೆ ಅದು ಪಿಜಿ. ಅದಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಅಡುಗೆ ಮಾಡಿ ಬಡಿಸಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಪ್ರತ್ಯೇಕ ಕಟ್ಟಡದಲ್ಲಿ ನಡೆಯುವ ಪಿಜಿಗಳಿಗೆ ಕರೆಂಟು ವಾಣಿಜ್ಯ ದರದ್ದು, ಬಂದ ಹಣವೂ ವ್ಯಾಪಾರದ ಆದಾಯ. ಜಿಎಸ್‌ಟಿ ಮಾತ್ರ ಈಗ ತಲೆನೋವಲ್ಲ. 2024ರ ಜುಲೈನಿಂದ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯವರೆಗಿನ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸ್ತವ್ಯಕ್ಕೆ ವಿನಾಯಿತಿ ಇದೆ. ಮನೆಯನ್ನು ಮನೆಯಾಗಿಯೇ ಕೊಟ್ಟು, ಅಡುಗೆ ಅವರದೇ ಎಂದು ಬಿಟ್ಟರೆ ಇಷ್ಟೆಲ್ಲ ಬಾಬತ್ತು ಇರುವುದಿಲ್ಲ. ಅಡುಗೆಯವರನ್ನಿಟ್ಟು ದಿನಾ ಸಂಭಾಳಿಸುವ ಮನಸ್ಸು, ಮೈಗಸುವು ಇಲ್ಲದವರು ಪಿಜಿಯ ಕಡೆ ತಿರುಗಿಯೂ ನೋಡಬಾರದು. ಕೈಗೆ ಬರುವುದು ಹೆಚ್ಚೆಂದು ಕಂಡರೂ ಉಳಿಯುವುದು ಎಷ್ಟೆಂಬುದು ಬೇರೆ ಮಾತು.

ಎರಡನೆಯದು, ಎಷ್ಟು ಜನ. ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆಂದು ಮಾಡಿದ ಮಾರ್ಗಸೂಚಿಯಲ್ಲಿ ತಲೆಗೆ ಕನಿಷ್ಠ 70 ಚದರಡಿ ಎಂದಿದೆ. ಮೈಸೂರಿನ ಬಾಡಿಗೆ ಮನೆಗೆ ಅದು ಕಟ್ಟುಪಾಡಲ್ಲ, ಆದರೆ ಅಳತೆಗೋಲಾಗಿ ಒಳ್ಳೆಯದೇ. 10x12ರ ಕೋಣೆ 120 ಚದರಡಿ; ಇಬ್ಬರಿಗೆ ಸ್ವಲ್ಪ ಬಿಗಿ, ಮೂವರಿಗೆ ಹಿಂಸೆ. ಆದರೆ ನಮ್ಮ ದೃಷ್ಟಿಯಲ್ಲಿ ನಿಜವಾದ ಮಿತಿ ಕೋಣೆಯದಲ್ಲ, ಬಚ್ಚಲಿನದು. ಒಂದು ಬಚ್ಚಲಿದ್ದರೆ ನಾಲ್ಕು ಜನ, ಎರಡಿದ್ದರೆ ಆರು. ಹಾಲಿನಲ್ಲಿ ಇನ್ನಿಬ್ಬರನ್ನು ಮಲಗಿಸಿ ಬಾಡಿಗೆ ಏರಿಸುವ ಲೆಕ್ಕ ಕಾಗದದ ಮೇಲೆ ಚೆಂದ. ಆರು ತಿಂಗಳಲ್ಲೇ ಚರಂಡಿ ಕಟ್ಟಿ, ಪಕ್ಕದ ಮನೆಯವರು ಜಗಳ ತೆಗೆದು, ಓದುವ ಹುಡುಗರು ಮೊದಲು ಖಾಲಿ ಮಾಡುತ್ತಾರೆ. ಓದದವರು ಉಳಿಯುತ್ತಾರೆ.

ಇನ್ನು ನೀರು. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ನಾಲ್ವರಿಗೆ 540, ಆರು ಜನಕ್ಕೆ 810 ಲೀಟರ್. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಾದರೆ ಇದರ ಇಮ್ಮಡಿ ಶೇಖರಣೆ ಮೇಲಿನವರ ಪಾಲಿಗೇ ಇರಬೇಕು. ಹೆಚ್ಚಿನ ಮನೆಗಳಲ್ಲಿ ತಾರಸಿಯ ಮೇಲೆ ಎರಡೂ ಮಹಡಿಗೆ ಸೇರಿ ಒಂದೇ 1,000 ಲೀಟರಿನ ಟ್ಯಾಂಕ್. ಮೇಲೆ ಯಾರೋ ನಲ್ಲಿ ಬಿಟ್ಟು ಕಾಲೇಜಿಗೆ ಹೋದರೆ ಕೆಳಗೆ ಓನರ್ ಮನೆಯಲ್ಲಿ ಕುಕ್ಕರಿಗೂ ನೀರಿಲ್ಲ. ಓನರ್ ಮತ್ತು ವಿದ್ಯಾರ್ಥಿಗಳ ನಡುವಿನ ಅರ್ಧ ಜಗಳ ಇದೊಂದರಿಂದಲೇ ಹುಟ್ಟುತ್ತದೆ. ಮೇಲಿನ ಮಹಡಿಗೆ ಬೇರೆ ಟ್ಯಾಂಕ್, ಬೇರೆ ಪೈಪು ಎಳೆಸಿಬಿಟ್ಟರೆ ಬುದ್ಧಿ ಹೇಳುವ ಕೆಲಸ ತಪ್ಪುತ್ತದೆ: ಅವರ ಟ್ಯಾಂಕ್ ಖಾಲಿಯಾದರೆ ಅವರಿಗೇ ಗೊತ್ತಾಗುತ್ತದೆ. ಸಂಪಿನ ಮೋಟರಿಗೆ ನೀರಿನ ಮಟ್ಟ ನೋಡಿ ತಾನಾಗಿ ನಿಲ್ಲುವ ಕಂಟ್ರೋಲರ್ ಹಾಕಿಸಿ. ಸ್ವಿಚ್ಚನ್ನು ಯಾರಾದರೂ ಆಫ್ ಮಾಡುತ್ತಾರೆಂದು ನಂಬಿ ಕೂರುವುದು ಬೇಡ. ಟ್ಯಾಂಕ್ ನೇರ ತಾರಸಿಯ ಮೇಲೆ ಕುಳಿತಿದ್ದರೆ ಮೇಲ್ಮಹಡಿಯ ಷವರಿನಲ್ಲಿ ನೀರು ಜಿನುಗುತ್ತದಷ್ಟೆ; ನಾಲ್ಕೈದು ಅಡಿ ಎತ್ತರದ ಸ್ಟ್ಯಾಂಡ್ ಬೇಕಾಗುತ್ತದೆ.

ಬಿಸಿನೀರಿಗೆ ಸೋಲಾರ್ ಇದ್ದರೆ ನಾಲ್ವರಿಗೆ 200 ಲೀಟರಿನದು ಸಾಲುತ್ತದೆ, ಮೋಡದ ದಿನಗಳಿಗೆ ಜೊತೆಗೊಂದು 2 ಕಿಲೋವ್ಯಾಟಿನ ಗೀಸರ್. ಸೋಲಾರ್ ಟ್ಯಾಂಕಿನಿಂದ ಬಚ್ಚಲಿಗೆ ಪೈಪು ಉದ್ದವಾದಷ್ಟೂ ಮೊದಲ ಬಕೆಟ್ ತಣ್ಣೀರು ಚರಂಡಿಗೆ ಹೋಗುತ್ತದೆ. ಆ ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸುವುದು ದೊಡ್ಡ ಖರ್ಚಲ್ಲ. ಗ್ಯಾಸ್ ಗೀಸರ್ ಮಾತ್ರ ಖಂಡಿತ ಬೇಡ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಸಾಯುತ್ತಾರೆ. ಗೀಸರ್ ಇಲ್ಲವೇ ಇಲ್ಲ ಎಂದರೂ ಅಪಾಯವೇ. ಹುಡುಗರು ಅಂಗಡಿಯಿಂದ ಕಾಯಿಸುವ ಕಾಯಿಲ್ ತಂದು ಬಕೆಟ್ಟಿಗೆ ಇಳಿಬಿಡುತ್ತಾರೆ, ಬಿಸಿಯಾಯಿತೇ ಎಂದು ಬೆರಳಿಟ್ಟು ನೋಡುತ್ತಾರೆ.

ಹಾಗಾಗಿ ಕರೆಂಟಿನ ಕೆಲಸ ಬಣ್ಣ ಹೊಡೆಸುವುದಕ್ಕಿಂತ ಮೊದಲು. ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ ಸುಮಾರು 2, ಇಸ್ತ್ರಿ 1, ಕೆಟಲ್ ಒಂದೂವರೆ. ಬೆಳಗ್ಗೆ ಎಂಟೂವರೆಗೆ ಎಲ್ಲವೂ ಒಟ್ಟಿಗೆ ಓಡಿದರೆ ಆರೂವರೆ ಕಿಲೋವ್ಯಾಟ್, 230 ವೋಲ್ಟಿನಲ್ಲಿ ಸುಮಾರು 28 ಆಂಪಿಯರ್. ಹಳೆಯ ಮನೆಗಳಿಗೆ ಮಂಜೂರಾಗಿರುವುದು ಎರಡೋ ಮೂರೋ ಕಿಲೋವ್ಯಾಟ್. ಮೇನ್ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೀಳುತ್ತದೆ, ಎಲೆಕ್ಟ್ರಿಷಿಯನ್ ಬಂದು ದೊಡ್ಡ ಎಂಸಿಬಿ ಹಾಕಿ ಹೋಗುತ್ತಾನೆ, ಈಗ ಬೀಳುವುದಿಲ್ಲ, ಬದಲಿಗೆ ಗೋಡೆಯೊಳಗಿನ ತಂತಿ ಕಾಯುತ್ತದೆ. ಎಂಸಿಬಿ ಇರುವುದು ತಂತಿಯನ್ನು ಕಾಪಾಡಲು. ತಂತಿ ಬದಲಿಸದೆ ಎಂಸಿಬಿಯನ್ನಷ್ಟೇ ದೊಡ್ಡದು ಮಾಡುವುದೆಂದರೆ ಬೆಂಕಿಗೆ ದಾರಿ ಬಿಟ್ಟುಕೊಟ್ಟಂತೆ. ಗೀಸರಿಗೆ, ಅಡುಗೆಮನೆಯ 16 ಆಂಪಿಯರ್ ಪಾಯಿಂಟಿಗೆ ಬೇರೆ ಬೇರೆಯಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ತಲಾ ಒಂದು ಎಂಸಿಬಿ. ಇಡೀ ಮಹಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಎಂದರೆ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು. ಷಾಕ್ ಹೊಡೆದಾಗ ಜೀವ ಉಳಿಸುವುದು ಇದು, ಎಂಸಿಬಿ ಅಲ್ಲ. ಆರ್‌ಸಿಸಿಬಿ ಹಾಕಿದ ಮೇಲೆ ಹಳೆಯ ಗೀಸರಿನ ಸೋರಿಕೆಯಿಂದ ಪದೇ ಪದೇ ಬೀಳತೊಡಗಿದರೆ ಕೆಲವರು ಅದನ್ನೇ ಕಿತ್ತು ಹಾಕಿಸುತ್ತಾರೆ. ಕಿತ್ತು ಹಾಕಬೇಕಾದ್ದು ಗೀಸರಿನ ಎಲಿಮೆಂಟನ್ನು. ಅರ್ತಿಂಗ್ ಇದೆಯೋ ಇಲ್ಲವೋ ಎಂದು ಅಳೆಸಿಯೇ ನೋಡಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ತಂತಿ ಇರಬೇಕೆಂದೇನೂ ಇಲ್ಲ.

ಪ್ರತಿ ಮಂಚದ ತಲೆಯ ಹತ್ತಿರ ಎರಡು 6 ಆಂಪಿಯರ್ ಸಾಕೆಟ್ ಕೊಡಿಸಿ. ಇದು ಉಪಚಾರವಲ್ಲ. ಸಾಕೆಟ್ ಇಲ್ಲದ ಕಡೆ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸುತ್ತಾರೆ, ಅದು ಹಾಸಿಗೆಯ ಕೆಳಗೆ ಹೋಗುತ್ತದೆ.

ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಬಾಡಿಗೆ ಮಾತಾಡುವಾಗ ವಿದ್ಯಾರ್ಥಿಗಳು "ಕರೆಂಟ್ ಫ್ರೀ ತಾನೆ ಅಂಕಲ್?" ಎಂದು ಕೇಳಿಯೇ ಕೇಳುತ್ತಾರೆ. ಹೂಂ ಎಂದುಬಿಡಬೇಡಿ. 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ. ಆಯಾ ಮೀಟರಿಗೆ ಸಾಮಾನ್ಯವಾಗಿ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಹಿಂದೆ ಅಜ್ಜ ಅಜ್ಜಿ ಇಬ್ಬರೇ ಇದ್ದು 60 ಯೂನಿಟ್ ಸುಡುತ್ತಿದ್ದ ಮಹಡಿಯಾದರೆ 66 ಯೂನಿಟ್ಟಿನವರೆಗೆ ಮಾತ್ರ ಉಚಿತ. ಅದರ ಮೇಲೆ 200ರವರೆಗೆ ಹೆಚ್ಚಿನ ಯೂನಿಟ್ಟಿಗೆ ಕಟ್ಟಬೇಕು. 200 ದಾಟಿದ ತಿಂಗಳು ಇಡೀ ಬಿಲ್ಲು ಕಟ್ಟಬೇಕು. ಗೀಸರ್, ಇಂಡಕ್ಷನ್ ಎರಡನ್ನೂ ನಾಲ್ವರು ಬಳಸುವ ಮನೆ 200 ದಾಟುವುದು ಕಷ್ಟವೇನಲ್ಲ. ಬಾಡಿಗೆದಾರರೂ ಯೋಜನೆಗೆ ಅರ್ಹರು, ಆದರೆ ಒಬ್ಬರ ಹೆಸರಿಗೆ ಒಂದೇ ಸಂಪರ್ಕ. ಓನರ್ ತಮ್ಮ ಆಧಾರನ್ನು ಕೆಳಗಿನ ಮನೆಯ ಮೀಟರಿಗೆ ಜೋಡಿಸಿದ್ದರೆ ಮೇಲಿನದಕ್ಕೆ ಹುಡುಗರಲ್ಲೇ ಒಬ್ಬರು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಇದಕ್ಕೆಲ್ಲ ಮೇಲಿನ ಮಹಡಿಗೆ ತನ್ನದೇ ಮೀಟರ್ ಇರಬೇಕು. ಎರಡೂ ಮಹಡಿಗೆ ಒಂದೇ ಮೀಟರ್ ಇದ್ದರೆ ಬಾಡಿಗೆಗೆ ಕೊಡುವ ಮುಂಚೆಯೇ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟು ಬೇರೆ ಮಾಡಿಸಿ. ಸಬ್ ಮೀಟರ್ ಹಾಕಿ ತಿಂಗಳು ತಿಂಗಳು ಪಾಲು ಮಾಡುವ ವ್ಯವಹಾರ ಒಂದು ಸೆಮಿಸ್ಟರ್ ಕೂಡ ಸುಗಮವಾಗಿ ನಡೆಯುವುದಿಲ್ಲ.

ಅಡುಗೆಯ ಗ್ಯಾಸಿಗೆ 14.2 ಕೆ.ಜಿ. ಸಿಲಿಂಡರಿನ ಸಂಪರ್ಕ ತೆಗೆದುಕೊಳ್ಳಲು ವಿಳಾಸದ ದಾಖಲೆ ಬೇಕು, ಕರಾರು ಪತ್ರದ ಪ್ರತಿ ಅದಕ್ಕೆ ಒದಗುತ್ತದೆ. ಬೇಡವೆನ್ನುವವರಿಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಗಳಲ್ಲೇ ಸಿಗುತ್ತದೆ. ಬೀದಿ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಸಿಕೊಂಡು ಬರುವುದನ್ನು ಮನೆಯೊಳಗೆ ಬಿಡಬೇಡಿ. ಅದು ಕಾನೂನುಬಾಹಿರ, ಆ ಸಿಲಿಂಡರಿಗೆ ವಾಲ್ವಿನ ಭರವಸೆಯೂ ಇಲ್ಲ.

ಚರಂಡಿ ಕಟ್ಟುವುದು ಎರಡು ಕಡೆ. ಬಚ್ಚಲಿನಲ್ಲಿ ಕೂದಲು, ಅಡುಗೆಮನೆಯ ಸಿಂಕಿನಲ್ಲಿ ಅನ್ನ. ಬಚ್ಚಲಿಗೆ ತೆಗೆದು ತೊಳೆಯಬಹುದಾದ ಜಾಲಿ, ಸಿಂಕಿನ ಕೆಳಗೆ ಬಿಚ್ಚಲು ಬರುವ ಬಾಟಲ್ ಟ್ರ್ಯಾಪ್ ಹಾಕಿಸಿದರೆ ಪ್ಲಂಬರನ್ನು ಕರೆಸುವುದು ಅಪರೂಪವಾಗುತ್ತದೆ. ಹೆಣ್ಣುಮಕ್ಕಳ ಮನೆಯಾದರೆ ಬಚ್ಚಲಿನಲ್ಲಿ ಮುಚ್ಚಳದ ಡಬ್ಬ ಇಟ್ಟು, ಪ್ಯಾಡುಗಳನ್ನು ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡುವ ಕ್ರಮವನ್ನು ಮೊದಲ ದಿನವೇ ನೇರವಾಗಿ ಹೇಳಿ. ಸಂಕೋಚಪಟ್ಟು ಹೇಳದೆ ಬಿಟ್ಟ ಮನೆಗಳಲ್ಲೇ ಕಮೋಡು ಕಟ್ಟುವುದು.

ಸಾಮಾನು ಎಷ್ಟು ಕೊಡಬೇಕು? 6x3 ಅಡಿಯ ಕಬ್ಬಿಣದ ಮಂಚ, ಒಂದು ಮೇಜು, ಕುರ್ಚಿ, ಬೀಗ ಹಾಕಲು ಬರುವ ಕಪಾಟು. ಹಾಸಿಗೆ ಬೇಡ, ಅವರೇ ತರಲಿ. ಹಳೆಯ ಹಾಸಿಗೆಯೊಡನೆ ತಿಗಣೆ ಬಂದರೆ ಅದು ಮುಂದಿನ ಬ್ಯಾಚಿಗೂ ನಿಮ್ಮ ಮನೆಯ ಹೆಸರಿಗೂ ಅಂಟಿಕೊಳ್ಳುತ್ತದೆ. ಕೊಳವೆಯ ಮಂಚವಾದರೆ ಕೊಳವೆಯ ತೆರೆದ ಬಾಯಿಗಳಿಗೆ ಬಿರಡೆ ಹಾಕಿಸಿ. ತಿಗಣೆ ಗೂಡು ಮಾಡುವುದು ಅಲ್ಲಿಯೇ. ವೈ-ಫೈ ಸಂಪರ್ಕ ವಿದ್ಯಾರ್ಥಿಗಳ ಹೆಸರಿನಲ್ಲೇ ಇರಲಿ. ಅವರು ಅಂತರ್ಜಾಲದಲ್ಲಿ ಮಾಡಿದ್ದಕ್ಕೆ ಪೊಲೀಸರು ಮೊದಲು ಹುಡುಕಿ ಬರುವುದು ಸಂಪರ್ಕ ಯಾರ ಹೆಸರಲ್ಲಿದೆಯೋ ಅವರನ್ನು. ಕ್ಯಾಮೆರಾ ಗೇಟಿಗೆ, ಮೆಟ್ಟಿಲಿನ ಬುಡಕ್ಕೆ ಸಾಕು. ಮನೆಯೊಳಗೆ, ಕೋಣೆಯ ಬಾಗಿಲಿಗೆ ಎದುರಾಗಿ ಹಾಕುವುದು ತಪ್ಪು, ಹೆಣ್ಣುಮಕ್ಕಳ ಮನೆಯಲ್ಲಂತೂ ಅಪರಾಧಕ್ಕೇ ಹೋಗಿ ನಿಲ್ಲಬಹುದು.

ಯಾರಿಗೆ ಕೊಡುವುದು ಎಂಬಲ್ಲಿಗೆ ಬಂದರೆ, ನಮ್ಮ ಊರಿನ ಟು-ಲೆಟ್ ಬೋರ್ಡುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಸಾಲು, ಫೋನ್ ಮಾಡಿದೊಡನೆ "ನೀವು ಯಾವ ಜನ?" ಎಂಬ ಪ್ರಶ್ನೆ. ಇದು ಅನ್ಯಾಯ ಎನ್ನುವುದು ಒಂದು ಕಡೆಯಿರಲಿ, ಓನರಿಗೆ ಬೇಕಾದ ಯಾವ ಮಾಹಿತಿಯೂ ಇದರಿಂದ ಸಿಗುವುದಿಲ್ಲ. ಬಾಡಿಗೆ ಸರಿಯಾಗಿ ಬರುತ್ತದೆಯೇ, ವರ್ಷವಿಡೀ ಇರುತ್ತಾರೆಯೇ, ಮನೆ ಕೆಡದೆ ಉಳಿಯುತ್ತದೆಯೇ ಎಂಬುದಕ್ಕೂ ಜಾತಿಗೂ ಮೀನಿಗೂ ಸಂಬಂಧವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾವ ಕೋರ್ಸು, ಎಷ್ಟನೇ ಸೆಮಿಸ್ಟರು? ನಾಲ್ವರೂ ಒಬ್ಬರಿಗೊಬ್ಬರು ಮೊದಲೇ ಗೊತ್ತಿದ್ದವರೇ? ಬಾಡಿಗೆ ಯಾರ ಖಾತೆಯಿಂದ ಬರುತ್ತದೆ? ಎಲ್ಲಕ್ಕಿಂತ ಮುಖ್ಯವಾದದ್ದು: ಹಾಸ್ಟೆಲಿಗೆ ಅರ್ಜಿ ಹಾಕಿದ್ದೀರಾ?

ಈ ಕೊನೆಯ ಪ್ರಶ್ನೆ ಕೇಳದವರು ಪ್ರತಿವರ್ಷ ಪಾಡುಪಡುತ್ತಾರೆ. ಪ್ರವೇಶ ಮೊದಲು ಆಗುತ್ತದೆ, ತರಗತಿ ಶುರುವಾಗುತ್ತದೆ, ವಿಶ್ವವಿದ್ಯಾನಿಲಯದ ಹಾಸ್ಟೆಲಿನ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳ ಪಟ್ಟಿ ಆಮೇಲೆ ಹೊರಬೀಳುತ್ತದೆ. ಅಷ್ಟರವರೆಗೆ ತಲೆ ಊರಲು ಬಾಡಿಗೆ ಮನೆ ಹಿಡಿದಿದ್ದವರು ಹೆಸರು ಬಂದ ಮರುದಿನವೇ ಗಂಟುಮೂಟೆ ಕಟ್ಟುತ್ತಾರೆ. ಅವರ ತಪ್ಪೇನಿಲ್ಲ, ಹಾಸ್ಟೆಲಿನಲ್ಲಿ ಖರ್ಚು ಅಷ್ಟು ಕಡಿಮೆ. ಆದರೆ ನಾಲ್ವರಲ್ಲಿ ಇಬ್ಬರು ಹೋದರೆ ಉಳಿದಿಬ್ಬರು ಪೂರ್ತಿ ಬಾಡಿಗೆ ಕಟ್ಟಲಾರರು. ಅರ್ಜಿ ಹಾಕಿದವರೆಂದು ಗೊತ್ತಿದ್ದರೆ ಕರಾರಿನಲ್ಲೇ ದಾರಿ ಮಾಡಿಕೊಳ್ಳಬಹುದು: ಹಾಸ್ಟೆಲ್ ಸಿಕ್ಕಿದರೆ ಒಂದು ತಿಂಗಳು ಮೊದಲು ಹೇಳಬೇಕು, ಬದಲಿಗೆ ಬರುವವರನ್ನು ಉಳಿದವರೂ ಓನರೂ ಒಪ್ಪಬೇಕು, ಬದಲಿ ಸಿಗುವವರೆಗೆ ಹೋಗುವವರ ಪಾಲು ಅಡ್ವಾನ್ಸಿನಿಂದ ಕಳೆಯುತ್ತದೆ.

ಪಿಎಚ್‌ಡಿ ಮಾಡುವವರು ಸಿಕ್ಕಿದರೆ ಬಿಡಬೇಡಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಷಿಪ್) ಇದ್ದವರಿಗೆ 2023ರಿಂದ ತಿಂಗಳಿಗೆ 37,000 ರೂ. ಫೆಲೋಷಿಪ್, ಹಾಸ್ಟೆಲಿನಲ್ಲಿ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆಯೂ ಇದೆ. ಭತ್ಯೆಗಾಗಿ ರಸೀದಿ ಕೇಳುತ್ತಾರೆ. ಕೊಟ್ಟ ಬಾಡಿಗೆ ಎಷ್ಟೋ ಅಷ್ಟಕ್ಕೇ ಸಹಿ ಮಾಡಿ, ಹೆಚ್ಚು ಬರೆದು ಕೊಡಿ ಎಂದರೆ ಬೇಡವೆನ್ನಿ. ಇವರು ಮೂರು ನಾಲ್ಕು ವರ್ಷ ಅಲುಗುವುದಿಲ್ಲ. ಫೆಲೋಷಿಪ್ ಹಣ ಮಾತ್ರ ಕೆಲವು ಸಲ ತಿಂಗಳುಗಟ್ಟಲೆ ಬಾರದೆ ಒಮ್ಮೆಲೇ ಬರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು 2013-14ರಲ್ಲಿ ಶುರುವಾದ ವಿದ್ಯಾಸಿರಿಯೂ ಹಾಗೆಯೇ. ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳ ಲೆಕ್ಕ ಇದ್ದರೂ ಹಣ ಬ್ಯಾಂಕಿಗೆ ಬೀಳುವ ದಿನ ಅವರ ಕೈಯಲ್ಲಿಲ್ಲ. ವಿದ್ಯಾರ್ಥಿವೇತನ ನೆಚ್ಚಿಕೊಂಡವರಿಗೆ 5ನೇ ತಾರೀಕು ಎಂದು ಪಟ್ಟು ಹಿಡಿಯುವುದಕ್ಕಿಂತ ಒಂದು ತಿಂಗಳ ಅಡ್ವಾನ್ಸ್ ಜಾಸ್ತಿ ಇಟ್ಟುಕೊಂಡು, ವೇತನ ಬಂದಾಗ ಮೂರು ತಿಂಗಳದ್ದು ಒಟ್ಟಿಗೆ ತೆಗೆದುಕೊಳ್ಳುವುದು ಇಬ್ಬರಿಗೂ ಹಗುರ.

ಕರಾರು ಪತ್ರಕ್ಕೆ ಬರೋಣ. ಹನ್ನೊಂದು ತಿಂಗಳಿಗೇ ಏಕೆ ಎಂದರೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದು. ಹಾಗಾಗಿ ನಿಮ್ಮ ಮಹಡಿಯನ್ನು ಆಳುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ಬೇರೇನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟೀಸು ಸಾಕು ಎನ್ನುತ್ತದೆ ಆ ಕಾಯ್ದೆ. ಇಬ್ಬರಿಗೂ ಒಂದು ತಿಂಗಳು ಎಂದು ಬರೆದುಕೊಳ್ಳುವುದು ವಾಸಿ. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ. ಸ್ಟಾಂಪ್ ಅಂಗಡಿಯಲ್ಲಿ ಸಿದ್ಧವಿರುವ ನಮೂನೆ ಒಂದು ಸಂಸಾರಕ್ಕೆಂದು ಮಾಡಿದ್ದು. ಅದರಲ್ಲಿ ಬಾಡಿಗೆದಾರ ಒಬ್ಬನೇ ಇರುತ್ತಾನೆ.

ಇಲ್ಲಿಯೂ ತಲೆ ಎಣಿಸಬೇಕು. ನಾಲ್ವರೂ ಸಹಿ ಹಾಕಬೇಕು, ಪೂರ್ತಿ ಬಾಡಿಗೆಗೆ ಎಲ್ಲರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ ಎಂಬ ಸಾಲು ಇರಬೇಕು. ಒಬ್ಬನ ಸಹಿ ಮಾತ್ರ ಇದ್ದು ಅವನೇ ಊರು ಬಿಟ್ಟರೆ ಉಳಿದ ಮೂವರು ಕಾಗದದ ಮೇಲೆ ಯಾರೂ ಅಲ್ಲ. 18 ತುಂಬದವರ ಸಹಿಗೆ ಕರಾರಿನಲ್ಲಿ ಬೆಲೆಯಿಲ್ಲ. ಪದವಿಯ ಮೊದಲ ವರ್ಷದಲ್ಲಿ 17ರವರು ಇರುತ್ತಾರೆ, ಅಂಥವರ ಪರವಾಗಿ ತಂದೆಯೋ ತಾಯಿಯೋ ಸಹಿ ಮಾಡಬೇಕು. ಆಧಾರ್ ಪ್ರತಿಯ ಜೊತೆಗೆ ಕಾಲೇಜಿನ ಗುರುತಿನ ಚೀಟಿ ಅಥವಾ ಪ್ರವೇಶದ ರಸೀದಿಯ ಪ್ರತಿ, ಮನೆಯವರ ಫೋನ್ ನಂಬರು ತೆಗೆದುಕೊಳ್ಳಿ. ಮನೆಯವರಿಗೆ ಒಮ್ಮೆ ಫೋನ್ ಮಾಡಿ ಮಾತಾಡಿ. ದೂರು ಹೇಳುವುದಕ್ಕಲ್ಲ, ಜ್ವರ ಬಂದು ಮಲಗಿದ ದಿನ ಯಾರಿಗೆ ಹೇಳಬೇಕೆಂದು ಗೊತ್ತಿರಲಿ ಎಂದು.

ಅಡ್ವಾನ್ಸ್ ಎಷ್ಟು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆ, ಅದು ರಾಜ್ಯಗಳು ಒಪ್ಪಿದಲ್ಲಿ ಮಾತ್ರ ಜಾರಿ. ಬೆಂಗಳೂರಿನ ಹಳೆಯ ರೂಢಿಯ ಹತ್ತು ತಿಂಗಳನ್ನು ಇಲ್ಲಿನ ವಿದ್ಯಾರ್ಥಿಗಳ ಹತ್ತಿರ ಕೇಳಿದರೆ ಮನೆ ಖಾಲಿಯೇ ಉಳಿಯುತ್ತದೆ. ಮೂರು ತಿಂಗಳದ್ದು ಸಮ. ಯಾರು ಎಷ್ಟು ಕೊಟ್ಟರೆಂದು ಕರಾರಿನಲ್ಲೇ ಹೆಸರು ಹೆಸರಾಗಿ ಬರೆಯಿರಿ. ಮರಳಿಸುವಾಗ ಅವರೊಳಗಿನ ಜಗಳಕ್ಕೆ ನೀವು ಪಂಚಾಯ್ತಿಗೆ ಕೂರಬೇಕಾಗುವುದಿಲ್ಲ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳುವುದು ರೂಢಿಯಲ್ಲಿದೆ, ಅದು ಕರಾರಿನಲ್ಲಿ ಇಲ್ಲದಿದ್ದರೆ ಮುರಿಯಲು ಆಧಾರವಿಲ್ಲ. ಬಳಕೆಯಿಂದ ಸವೆದದ್ದಕ್ಕೆ ಕಾಯ್ದೆಯ ಪ್ರಕಾರ ಬಾಡಿಗೆದಾರ ಹೊಣೆಯಲ್ಲ, ಒಡೆದದ್ದಕ್ಕೆ ಹೊಣೆ. ಎರಡರ ನಡುವಿನ ಗೆರೆ ಎಲ್ಲಿದೆಯೆಂಬ ವಾದ ಬಾರದಿರಲು ಬೀಗದ ಕೈ ಕೊಡುವ ದಿನ ಪ್ರತಿ ಕೋಣೆ, ಬಚ್ಚಲು, ಸಿಂಕು, ಮೀಟರಿನ ಅಂಕಿ ಎಲ್ಲದರ ವಿಡಿಯೋ ಮಾಡಿ ಅವರ ವಾಟ್ಸ್‌ಆ್ಯಪ್‌ಗೂ ಕಳಿಸಿ.

ಅತಿಥಿಗಳ ಬಗ್ಗೆ ಒಂದು ಸಾಲು ಇರಲಿ: ಮೂರು ರಾತ್ರಿಗಿಂತ ಹೆಚ್ಚು ಉಳಿಯುವವರಿದ್ದರೆ ಹೇಳಬೇಕು. ಮೈಸೂರಿನಲ್ಲಿ ಇದರ ಅಗತ್ಯ ದಸರಾ ಬಂದಾಗ ಗೊತ್ತಾಗುತ್ತದೆ. ಜಂಬೂಸವಾರಿ ನೋಡಲು ಊರಿನಿಂದ ಅಣ್ಣ, ತಮ್ಮ, ಅತ್ತೆ ಮಗ, ಅವನ ಗೆಳೆಯ ಎಲ್ಲರೂ ಬಂದು ಹಾಲಿನ ತುಂಬ ಮಲಗಿರುತ್ತಾರೆ. ಹಬ್ಬದ ಎರಡು ದಿನ ಸುಮ್ಮನಿದ್ದುಬಿಡಿ, ಟ್ಯಾಂಕನ್ನು ಮಾತ್ರ ಹೆಚ್ಚು ಸಲ ತುಂಬಿಸಿ.

ಬಾಡಿಗೆದಾರರ ವಿವರವನ್ನು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿದೇಶಿ ವಿದ್ಯಾರ್ಥಿಯಾದರೆ ಇದು ಬೇರೆಯೇ ಕೆಲಸ. ಗಂಗೋತ್ರಿಗೆ ಹೊರದೇಶಗಳಿಂದ ಬರುವವರು ಹಿಂದಿನಿಂದಲೂ ಇದ್ದಾರೆ. ಅವರು ಮನೆಗೆ ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಜಾಲತಾಣದಲ್ಲಿ ಮನೆ ಮಾಲೀಕರೇ ತುಂಬಬೇಕು. ಸಿ-ಫಾರ್ಮ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಹೋಟೆಲುಗಳಿಗೆ ಮಾತ್ರ ಎಂದುಕೊಂಡು ಬಿಟ್ಟವರಿದ್ದಾರೆ. ಮನೆಗೂ ಅದು ಕಡ್ಡಾಯ. ಜಾಲತಾಣದಲ್ಲಿ ಮನೆಯನ್ನು ನೋಂದಾಯಿಸಿ ಒಪ್ಪಿಗೆ ಸಿಗಲು ಸಮಯ ಹಿಡಿಯುವುದರಿಂದ ವಿದ್ಯಾರ್ಥಿ ಬರುವ ಮೊದಲೇ ಅದನ್ನು ಮುಗಿಸಿಡಿ.

ತೆರಿಗೆಯ ಲೆಕ್ಕ ಹೆದರುವಷ್ಟಿಲ್ಲ. ತಿಂಗಳಿಗೆ 15,000 ರೂ. ಬಾಡಿಗೆ ಎಂದಿಟ್ಟುಕೊಳ್ಳೋಣ. ಬ್ಯಾಚು ಬದಲಾಗುವ ನಡುವಿನ ಎರಡು ತಿಂಗಳು ಖಾಲಿ ಎಂದು ಮೊದಲೇ ಹಿಡಿದುಬಿಡಿ. ಹತ್ತು ತಿಂಗಳಿಗೆ 1,50,000. ಆ ಮಹಡಿಯ ಪಾಲಿಗೆ ಕಟ್ಟಿದ ಆಸ್ತಿ ತೆರಿಗೆ 6,000 ಎಂದರೆ ಉಳಿದದ್ದು 1,44,000. ಅದರಲ್ಲಿ ಶೇ 30, ಎಂದರೆ 43,200, ಬಿಲ್ಲು ತೋರಿಸದೆಯೇ ಕಳೆಯಬಹುದು. ನಿಮ್ಮ ಆದಾಯಕ್ಕೆ ಸೇರುವುದು 1,00,800. ಆ ಶೇ 30 ರಿಪೇರಿ, ಬಣ್ಣ ಎಲ್ಲಕ್ಕೂ ಸೇರಿದ್ದು, ಬೇರೆ ಖರ್ಚು ತೋರಿಸಲು ಬರುವುದಿಲ್ಲ. ಮನೆ ಸಾಲದ ಬಡ್ಡಿ ಇದ್ದರೆ ಅದು ಪ್ರತ್ಯೇಕವಾಗಿ ಕಳೆಯುತ್ತದೆ. ಆಸ್ತಿ ತೆರಿಗೆಯನ್ನು ಏಪ್ರಿಲಿನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಬಾಡಿಗೆಯನ್ನು ನಾಲ್ವರೂ ಬೇರೆ ಬೇರೆಯಾಗಿ ಯುಪಿಐನಲ್ಲಿ ಹಾಕುವುದಕ್ಕಿಂತ ಒಬ್ಬರು ಸೇರಿಸಿ ಒಂದೇ ಮೊತ್ತವಾಗಿ ಹಾಕಲಿ. ಯಾರು ಕೊಟ್ಟಿಲ್ಲ ಎಂದು ಹುಡುಕುವ ಕೆಲಸ ಅವರೊಳಗೇ ಮುಗಿಯುತ್ತದೆ.

ಬಾಡಿಗೆ ನಿಂತೇಹೋದರೆ? ಬೀಗ ಹಾಕುವುದು, ನೀರು ನಿಲ್ಲಿಸುವುದು, ಸಾಮಾನು ಹೊರಗಿಡುವುದು ಯಾವುದೂ ಕೂಡದು. ಕರಾರಿನ ಅವಧಿ ಮುಗಿದಿದ್ದರೂ ಬಲವಂತದಿಂದ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನ ಮರಳಿ ಪಡೆಯಬಹುದು ಎನ್ನುತ್ತದೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ. ನಡೆಯುವ ದಾರಿಯೆಂದರೆ ಎರಡನೆಯ ತಿಂಗಳ ಬಾಕಿಗೇ ಲಿಖಿತ ನೋಟೀಸು, ಜೊತೆಗೆ ಮನೆಯವರಿಗೆ ಒಂದು ಫೋನ್. ಮೂರು ತಿಂಗಳ ಅಡ್ವಾನ್ಸು ಕರಗುವವರೆಗೆ ಕಾದು ಕೂತವರಿಗೆ ಮುಂದೆ ಕೋರ್ಟೊಂದೇ ಗತಿ. ಇಷ್ಟಾದರೂ ನಮ್ಮ ಅಂದಾಜಿನಲ್ಲಿ ವಿದ್ಯಾರ್ಥಿಗಳು ಬಾಡಿಗೆ ಮುಳುಗಿಸುವುದು ಅಪರೂಪ. ಪರೀಕ್ಷೆ ಮುಗಿಸಿ, ಅಂಕಪಟ್ಟಿ ಹಿಡಿದು ಊರಿಗೆ ಹೋಗಲೇಬೇಕಾದವರು ಅವರು.

ಬ್ಯಾಚು ಬದಲಾಗುವ ಬಿಡುವಿನ ವಾರಗಳು ಓನರಿನ ಕೆಲಸದ ಕಾಲ. ತಾರಸಿಯ ಬಿರುಕು ಮುಚ್ಚಿಸುವುದು ಮುಂಗಾರಿಗೆ ಮೊದಲೇ ಆಗಬೇಕು, ಬಣ್ಣ ಅದರ ಮೇಲೆ. ಗೋಡೆಗೆ ಒರೆಸಿ ತೊಳೆಯಬಹುದಾದ ಎಮಲ್ಷನ್ ಹೊಡೆಸಿದರೆ ಮೂರು ಬ್ಯಾಚಿಗೆ ಒಮ್ಮೆ ಹೊಡೆಸಿದರೆ ಸಾಕು. ಟ್ಯಾಂಕ್, ಸಂಪು ತೊಳೆಸಿ, ಮಂಚಗಳನ್ನು ಬಿಸಿಲಿಗೆ ಹಾಕಿ ತಿಗಣೆಗೆ ಔಷಧಿ ಹೊಡೆಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಮುಖ್ಯ ಬಾಗಿಲಿನ ಬೀಗದ ಸಿಲಿಂಡರನ್ನು ಪ್ರತಿ ಬ್ಯಾಚಿಗೂ ಬದಲಿಸಿ. ಹಳೆಯ ಕೀಲಿಯ ನಕಲು ಎಷ್ಟು ಜನರ ಹತ್ತಿರ ಇದೆಯೋ ಹೋದವರಿಗೇ ಗೊತ್ತಿರುವುದಿಲ್ಲ.

ಖಾಲಿ ಮಾಡುವ ದಿನ ಮೊದಲ ದಿನದ ವಿಡಿಯೋ ತೆರೆದಿಟ್ಟುಕೊಂಡು ನಾಲ್ವರ ಜೊತೆ ಕೋಣೆ ಕೋಣೆ ಸುತ್ತಿ, ಮುರಿದುಕೊಳ್ಳುವುದೇನಿದ್ದರೂ ಅಲ್ಲೇ ಬರೆದು ತೋರಿಸಿ, ಉಳಿದದ್ದನ್ನು ಆ ದಿನವೇ ಅವರವರ ಖಾತೆಗೆ ಹಾಕಿ. ಮುಂದಿನ ಬ್ಯಾಚು ಇವರ ಜೂನಿಯರುಗಳೇ ಆಗಿರುತ್ತಾರೆ, ಬ್ರೋಕರಿನ ಕಮಿಷನ್ ಉಳಿಯುವುದು ಇಲ್ಲಿಂದ. ಇನ್ನೊಂದು ಕೆಲಸ ಅವರು ಬಸ್ಸು ಹತ್ತುವ ಮೊದಲೇ ಆಗಬೇಕು. ಗೃಹಜ್ಯೋತಿಗೆ ಜೋಡಿಸಿದ ಆಧಾರನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ. ಅದಕ್ಕೆ ಬೇಕಾದ ಒಟಿಪಿ ಹೋಗುವುದು ಆ ವಿದ್ಯಾರ್ಥಿಯ ಫೋನಿಗೆ. ಊರು ಸೇರಿ ನಂಬರು ಬದಲಿಸಿದ ಮೇಲೆ ಅದನ್ನು ಹಿಡಿಯುವುದು ಕಷ್ಟ, ಅದು ಬಿಡಿಸಿಕೊಳ್ಳುವವರೆಗೆ ಹೊಸಬರು ಅರ್ಜಿ ಹಾಕಲು ಬರುವುದಿಲ್ಲ.